ಹೊಲದ ನೆಲೆಯನ್ನು ಜಾಲಪುಟವು ತಿಳಿಯುವ ಬಗೆ

ಬೆಳೆ ಸಮೀಕ್ಷೆ, ಬೆಳೆ ವಿಮೆ, ಬೆಳೆನಷ್ಟದ ಪರಿಹಾರ ಇವೇ ಮೊದಲಾದ ಕಾರ್ಯಗಳಲ್ಲಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯಿದೆಯೆಂಬುದೇ ಮುಖ್ಯವಾದ ಅಂಶವೆಂಬುದು ಗ್ರಾಮದ ಮುಖಂಡರಿಗೂ ಭೂಮಾಲಿಕರಿಗೂ ತಿಳಿದ ವಿಷಯವೇ ಸರಿ. 2020ನೆಯ ಇಸವಿಯ ಮುಂಗಾರಿನಲ್ಲಿ, ರೈತರು ತಮ್ಮ ಬೆಳೆಯನ್ನು ತಾವೇ ಫೋನಿನಲ್ಲಿ ಚಿತ್ರಸಹಿತವಾಗಿ ದಾಖಲಿಸುವ ಏರ್ಪಾಡು ನಮ್ಮ ರಾಜ್ಯದಲ್ಲಿ ಆರಂಭವಾಯಿತು. ಈರುಳ್ಳಿಯ ಹೊಲವು ನೆರೆಯ ಮೆಕ್ಕೆಜೋಳದ ನಂಬರಿನಲ್ಲಿ ದಾಖಲಾದರೆ, ಮಳೆ ಕೈಕೊಟ್ಟ ವರ್ಷದಲ್ಲಿ ಆ ತಪ್ಪಿನ ಫಲವನ್ನು ರೈತನೇ ಅನುಭವಿಸಬೇಕಾಗುವುದು. ಆದಕಾರಣ ಫೋನೂ ಜಾಲಪುಟವೂ ನಮ್ಮ ನೆಲೆಯನ್ನು ಹೇಗೆ ತಿಳಿಯುತ್ತವೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ನೆಲೆಯು ಎಲ್ಲಿಂದ ಬರುತ್ತದೆ

ಜಾಲಪುಟವನ್ನು ತೋರಿಸುವ ಬ್ರೌಸರಿಗೆ ನೆಲೆಯ ಜ್ಞಾನವು ಸ್ವತಃ ಇರುವುದಿಲ್ಲ. ಅದು ಫೋನನ್ನು ಕೇಳುತ್ತದೆ. ಫೋನು ಉಪಗ್ರಹಗಳಿಂದಲೋ, ಸಮೀಪದ ವೈಫೈಗಳಿಂದಲೋ, ಮೊಬೈಲ್ ಗೋಪುರಗಳಿಂದಲೋ ಲೆಕ್ಕಹಾಕಿ ಅಕ್ಷಾಂಶ ರೇಖಾಂಶಗಳನ್ನು ಕೊಡುತ್ತದೆ. ಬಯಲಿನಲ್ಲಿ ಉಪಗ್ರಹದ ಲೆಕ್ಕವು ಸುಮಾರು 5 ಮೀಟರಿನೊಳಗೆ ಸರಿಬರುವುದು ಸಾಮಾನ್ಯ. ಗೋಪುರಗಳು ದೂರ ದೂರವಿರುವ ಹಳ್ಳಿಗಳಲ್ಲಿ ಗೋಪುರವನ್ನೇ ನಂಬಿದ ಲೆಕ್ಕವು ನೂರಾರು ಮೀಟರು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಪ್ಪಬಹುದು. ಕಚೇರಿಯ ಕಂಪ್ಯೂಟರಿನಲ್ಲಂತೂ ಅಂತರ್ಜಾಲದ ವಿಳಾಸದಿಂದ ಊಹಿಸಿದ ನೆಲೆಯು ಬೇರೊಂದು ನಗರವನ್ನೇ ತೋರಿಸುವುದುಂಟು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಪಟ್ಟಣಗಳೂ ಅಕ್ಷಾಂಶ 13.7ರಿಂದ 14.3ರೊಳಗೆ, ರೇಖಾಂಶ 76.1ರಿಂದ 76.7ರೊಳಗೆ ಇವೆ. 12.9 ಮತ್ತು 77.6 ಎಂಬ ಅಂಕಿಗಳು ಕಂಡರೆ ಅದು ಬೆಂಗಳೂರೆಂದು ತಿಳಿಯತಕ್ಕದ್ದು.

2. ಪುಟವು ಕೇಳುವ ಕ್ರಮ

ಸಂಘಕ್ಕಾಗಿ ಪುಟವನ್ನು ಬರೆಯುವ ಊರಿನ ಯುವಕರು ಗಮನಿಸಬೇಕಾದುದು ಇಷ್ಟು. ಬ್ರೌಸರಿನಲ್ಲಿ 'ನ್ಯಾವಿಗೇಟರ್.ಜಿಯೋಲೊಕೇಷನ್' ಎಂಬ ಅನುಕೂಲವು ಇದೆಯೇ ಎಂದು ಮೊದಲು ಪರೀಕ್ಷಿಸಬೇಕು. ಇದ್ದರೆ 'ಗೆಟ್‌ಕರೆಂಟ್‌ಪೊಸಿಷನ್' ಎಂಬ ಆಜ್ಞೆಯನ್ನು ಕೊಡಬೇಕು. ಈ ಆಜ್ಞೆಗೆ ಮೂರು ಅಂಗಗಳುಂಟು: ನೆಲೆಯು ದೊರೆತಾಗ ಮಾಡುವ ಕೆಲಸ, ದೊರೆಯದಿದ್ದಾಗ ಮಾಡುವ ಕೆಲಸ, ಮತ್ತು ನಿಬಂಧನೆಗಳು. ನಿಬಂಧನೆಗಳಲ್ಲಿ 'ಎನೇಬಲ್‌ಹೈಆಕ್ಯುರಸಿ' ಎಂಬುದನ್ನು ಹೌದೆಂದು ಸ್ಪಷ್ಟವಾಗಿ ಬರೆಯತಕ್ಕದ್ದು. ಬರೆಯದಿದ್ದರೆ ಇಲ್ಲವೆಂದೇ ಅರ್ಥ, ಆಗ ಫೋನು ಸುಲಭವಾದ ಸ್ಥೂಲ ಲೆಕ್ಕವನ್ನೇ ಕೊಟ್ಟುಬಿಡಬಹುದು. 'ಮ್ಯಾಕ್ಸಿಮಮ್‌ಏಜ್' ಸೊನ್ನೆಯಾಗಿರಲಿ, ಹಾಗಿದ್ದರೆ ಮನೆಯಲ್ಲಿ ಹಿಂದೆ ತೆಗೆದ ನೆಲೆಯು ಹೊಲದ ನೆಲೆಯಾಗಿ ದಾಖಲಾಗುವುದಿಲ್ಲ. 'ಟೈಮ್‌ಔಟ್' ಎಂಬ ಕಾಲಮಿತಿಯನ್ನು ಅರ್ಧ ನಿಮಿಷದಷ್ಟಾದರೂ ಇಡುವುದು ಯುಕ್ತ.

ನೆಲೆಯು ದೊರೆಯದಿದ್ದಾಗ ಕಾರಣದ ಸಂಖ್ಯೆಯು ಬರುತ್ತದೆ. 1 ಎಂದರೆ ಅನುಮತಿ ಕೊಟ್ಟಿಲ್ಲ. 2 ಎಂದರೆ ನೆಲೆಯನ್ನು ಕಂಡುಹಿಡಿಯಲಾಗಲಿಲ್ಲ. 3 ಎಂದರೆ ಕಾಲಮಿತಿ ಮೀರಿತು. ಈ ಕಾರಣವನ್ನು ರೈತನಿಗೆ ಕನ್ನಡದಲ್ಲಿಯೇ ತಿಳಿಸಬೇಕು. ಪುಟದ ವಿಳಾಸವು 'ಎಚ್‌ಟಿಟಿಪಿಎಸ್' ಎಂಬ ಸುರಕ್ಷಿತ ಮಾರ್ಗದ್ದಾಗಿರಬೇಕು. ಮಾಲಿಕನ ಅನುಮತಿಯಿಲ್ಲದೆ ಬ್ರೌಸರು ನೆಲೆಯನ್ನು ಕೊಡುವುದಿಲ್ಲ. ಪರಿಚಯವಿಲ್ಲದ ಪುಟವು ಕೇಳಿದರೆ ನಿರಾಕರಿಸುವುದೇ ಲೇಸು.

3. ನೆಲೆಯೆಂಬುದು ಚುಕ್ಕೆಯಲ್ಲ, ವೃತ್ತ

ಈ ಪಾಠದ ಮುಖ್ಯಾಂಶವು ಇದೇ. ಅಕ್ಷಾಂಶ ರೇಖಾಂಶಗಳೊಂದಿಗೆ 'ಆಕ್ಯುರಸಿ' ಎಂಬ ಮೂರನೆಯ ಅಂಕಿಯೂ ಮೀಟರಿನಲ್ಲಿ ಬರುತ್ತದೆ. ಅದು 40 ಎಂದಿದ್ದರೆ, ತೋರಿಸಿದ ಸ್ಥಳದ ಸುತ್ತ 40 ಮೀಟರು ತ್ರಿಜ್ಯದ ವೃತ್ತದೊಳಗೆ ನಾವು ಎಲ್ಲಿಯಾದರೂ ಇರಬಹುದೆಂದು ಅರ್ಥ. ಅದೂ ನೂರಕ್ಕೆ 95 ಪಾಲು ಮಾತ್ರ ಭರವಸೆ. ಈ ಅಂಕಿಯನ್ನು ಮರೆಮಾಡಿ ಚುಕ್ಕೆಯನ್ನಷ್ಟೇ ತೋರಿಸುವ ಪುಟವು ರೈತನನ್ನು ದಾರಿತಪ್ಪಿಸುತ್ತದೆ.

ನಮ್ಮ ಅಳತೆಯಲ್ಲಿ ನೋಡೋಣ. ನಮ್ಮ ಸೀಮೆಯಲ್ಲಿ ದಶಾಂಶದ ನಾಲ್ಕನೆಯ ಸ್ಥಾನದ ಒಂದು ಅಂಕಿಯು ನೆಲದ ಮೇಲೆ ಸುಮಾರು 11 ಮೀಟರು. ಸರ್ವೆಯ 33 ಅಡಿ ಸರಪಣಿಯು 10 ಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಸರಪಣಿ ಚೌಕವೇ ಒಂದು ಗುಂಟೆ. ಆದುದರಿಂದ ನಾಲ್ಕನೆಯ ಅಂಕಿಯು ಒಂದು ತಪ್ಪಿದರೆ, ನೆಲೆಯು ಒಂದು ಗುಂಟೆಯ ಬದಿಯಷ್ಟು ಸರಿಯಿತೆಂದು ತಿಳಿಯಬೇಕು.

ಒಂದು ಎಕರೆಯ ಚೌಕ ಹೊಲದ ಬದಿಯು ಸುಮಾರು 64 ಮೀಟರು. ನಡುವಿನಿಂದ ಬದುವಿಗೆ 32 ಮೀಟರು. ನಡುವೆ ನಿಂತಾಗ ಆಕ್ಯುರಸಿ 8 ಎಂದು ಬಂದರೆ ಚಿಂತೆಯಿಲ್ಲ. 60 ಎಂದು ಬಂದರೆ ವೃತ್ತವು ಬದುವನ್ನು ದಾಟಿ ನೆರೆಯವನ ನಂಬರಿಗೆ ಹೋಗುತ್ತದೆ. ಅದೇ ಒಂದು ಎಕರೆಯು ಪಾಲಾಗಿ ಒಂದು ಸರಪಣಿ ಅಗಲ, ನಲವತ್ತು ಸರಪಣಿ ಉದ್ದದ ಪಟ್ಟಿಯಾಗಿದ್ದರೆ ನಡುವಿನಿಂದ ಬದುವಿಗೆ 5 ಮೀಟರು ಮಾತ್ರ. ಅಂಥ ಹಿಸ್ಸೆಗಳಲ್ಲಿ ಉತ್ತಮ ಫೋನೂ ತಪ್ಪಬಹುದಾದ್ದರಿಂದ, ನಕ್ಷೆಯಲ್ಲಿ ಹಿಸ್ಸೆಯನ್ನು ಕೈಯಿಂದಲೇ ಆರಿಸಿ, ಪಹಣಿಯೊಂದಿಗೆ ತಾಳೆನೋಡುವುದು ಅವಶ್ಯಕ.

4. ಮುಖಂಡರು ತಿಳಿಸಬೇಕಾದ ಸೂಚನೆಗಳು

(ಅ) ಬದುವಿನ ಮೇಲಾಗಲಿ ದಾರಿಯಲ್ಲಾಗಲಿ ನಿಲ್ಲದೆ ಹೊಲದ ನಡುವೆ ನಿಲ್ಲತಕ್ಕದ್ದು.

(ಆ) ಅಡಿಕೆ, ತೆಂಗಿನ ತೋಟಗಳ ದಟ್ಟ ನೆರಳಿನಲ್ಲಿಯೂ ಬಂಡೆಗುಡ್ಡಗಳ ಮಗ್ಗುಲಲ್ಲಿಯೂ ಉಪಗ್ರಹದ ಸಂಜ್ಞೆಯು ಕುಂದುತ್ತದೆ. ತೋಟದೊಳಗೆ ಆಕಾಶವು ಕಾಣುವ ತೆರಪಿನಲ್ಲಿ ನಿಂತು ಒಂದೆರಡು ನಿಮಿಷ ಕಾಯಬೇಕು.

(ಇ) ಆಕ್ಯುರಸಿಯ ಅಂಕಿಯು ತೀರ ಹತ್ತಿರದ ಬದುವಿನ ದೂರಕ್ಕಿಂತ ಕಡಮೆಯಾಗುವವರೆಗೆ ದಾಖಲಿಸಬಾರದು.

(ಈ) ದಾಖಲಿಸಿದ ಮೇಲೆ ಸರ್ವೆ ನಂಬರು, ಹಿಸ್ಸೆ, ಬೆಳೆ ಈ ಮೂರನ್ನೂ ಓದಿ ನೋಡತಕ್ಕದ್ದು. ತಪ್ಪಿದ್ದರೆ ಆಕ್ಷೇಪಣೆಯನ್ನು ಅವಧಿಯೊಳಗೆ ಸಲ್ಲಿಸಬೇಕು.

(ಉ) ಫೋನು ತೋರಿಸಿದ ಗೆರೆಯನ್ನು ನಂಬಿ ಬದುವಿನ ವ್ಯಾಜ್ಯವನ್ನು ತೀರ್ಮಾನಿಸಬಾರದು. ಗಡಿಯ ಪ್ರಶ್ನೆಗೆ ಭೂಮಾಪಕರ ಹದ್ದುಬಸ್ತೇ ಮಾರ್ಗ.

ಅಕ್ಷರ ಬಾರದ ರೈತರೂ ವಯೋವೃದ್ಧರೂ ಈ ಕೆಲಸಕ್ಕೆ ಇತರರನ್ನೇ ನಂಬಿರುತ್ತಾರೆ. ಅಂಥವರ ಹೊಲಕ್ಕೆ ಮುಖಂಡರು ಒಬ್ಬ ತಿಳಿದ ಯುವಕನನ್ನು ಕಳುಹಿಸಿ, ಮೇಲ್ಕಂಡ ಮೂರನೆಯ ಅಂಕಿಯನ್ನು ನೋಡಿಸಿದರೆ, ಗ್ರಾಮಕ್ಕೆ ದೊಡ್ಡ ಉಪಕಾರವಾಗುವುದು.