ಕೈ ಚಿವುಟಿ ನೋಡಿದರೆ ಸಾಲದು

ಪ್ರಶ್ನೆ: ತಾಯಿಗೆ 79 ವರ್ಷ. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದಾರೆ. ನೀರು ಕೊಟ್ಟರೆ ಬೇಡ ಎನ್ನುತ್ತಾರೆ. ಕೈಮೇಲಿನ ಚರ್ಮ ಎತ್ತಿ ಬಿಟ್ಟರೆ ಹಾಗೇ ನಿಲ್ಲುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಡಾಕ್ಟ್ರೇ?
– ಓದುಗರೊಬ್ಬರು, ಬನ್ನಿಮಂಟಪ, ಮೈಸೂರು

ಉತ್ತರ: ಚರ್ಮವೊಂದನ್ನೇ ನಂಬಿ ಹೌದೆನ್ನಲಾಗದು. ಬನ್ನಿಮಂಟಪದ ಜೆಎಸ್‌ಎಸ್ ಇರಲಿ, ಬೇರೆ ಯಾವ ವೈದ್ಯಕೀಯ ಕಾಲೇಜೇ ಇರಲಿ, ಎಲ್ಲೆಡೆ ಕಲಿಸುವ ಹಳೆಯ ಪರೀಕ್ಷೆ ಇದು. ಭೇದಿಯಾದ ಮಗುವಿಗೆ ಹೊಂದುತ್ತದೆ. ಎಂಬತ್ತರ ಹತ್ತಿರದವರ ಚರ್ಮ ಬಿಗಿ ಕಳೆದುಕೊಂಡಿರುತ್ತದೆ, ನೀರು ಸಾಕಷ್ಟಿದ್ದರೂ ಮಡಿಕೆ ಬೇಗ ಇಳಿಯದು. ಬಾಯಲ್ಲಿ ಉಸಿರಾಡುವವರಿಗೆ ನಾಲಿಗೆ ಹೇಗೂ ಒಣಗುತ್ತದೆ. ಮೂತ್ರಪಿಂಡದ ಶಕ್ತಿ ಕುಂದಿದ್ದರೆ ದೇಹ ಒಣಗಿದ್ದರೂ ಮೂತ್ರ ತಿಳಿಯಾಗಿ ಕಾಣಬಹುದು. ಬಾಯಾರಿಕೆಯೂ ವಯಸ್ಸಾದಂತೆ ಮಂಕಾಗುತ್ತದೆ.

ಹೆಚ್ಚು ನಂಬಬಹುದಾದದ್ದು ರಕ್ತ ಪರೀಕ್ಷೆ.

ರಕ್ತ ಎಷ್ಟು ಗಾಢವಾಗಿದೆ ಎಂದು ತಿಳಿಸುವ ಅಳತೆ ಸೀರಮ್ ಆಸ್ಮೊಲಾಲಿಟಿ. ಅದು ಕಿಲೋಗೆ 300 ಮಿಲಿಆಸ್ಮೋಲ್ ಮೀರಿದರೆ ಕುಡಿದದ್ದು ಸಾಲದೆ ದೇಹ ಒಣಗಿದೆ ಎನ್ನುತ್ತದೆ ಯುರೋಪಿನ ಎಸ್ಪೆನ್ ಮಾರ್ಗಸೂಚಿ. ನೇರ ಅಳತೆಯ ಸೌಲಭ್ಯ ಇಲ್ಲದ ಕಡೆ ಸೋಡಿಯಂ, ಪೊಟ್ಯಾಸಿಯಂ, ಗ್ಲೂಕೋಸ್, ಯೂರಿಯಾಗಳಿಂದ ಲೆಕ್ಕ ಹಾಕುತ್ತಾರೆ, 295 ದಾಟಿದರೆ ಅನುಮಾನ. ಈ ನಾಲ್ಕೂ ವಾರ್ಡಿನಲ್ಲಿ ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆಗಳೇ. ರೌಂಡ್ಸಿಗೆ ಬಂದ ವೈದ್ಯರನ್ನು ಕೇಳಲು ಮಗಳಾಗಲಿ ಮಗನಾಗಲಿ ಸಂಕೋಚಪಡಬೇಕಿಲ್ಲ. ವಾಂತಿಭೇದಿಯ ಮಾತು ಬೇರೆ. ಉಪ್ಪೂ ನೀರಿನ ಜೊತೆಗೇ ಹೋಗುವುದರಿಂದ ಸಂಖ್ಯೆ ಸರಿಯಾಗಿ ಕಂಡೀತು. ಆಗ ನಾಡಿ, ಕಣ್ಣು, ನಾಲಿಗೆ, ಕೈಕಾಲಿನ ನಿತ್ರಾಣ ಎಲ್ಲವನ್ನೂ ಒಟ್ಟಿಗೆ ನೋಡಬೇಕು.

ಹಾಸಿಗೆ ಪಕ್ಕದಲ್ಲಿ ಕುಳಿತವರಿಗೂ ಕೆಲಸವಿದೆ. ತೂಕ ಒಂದೇ ದಿನದಲ್ಲಿ 1 ಕಿಲೋ ಇಳಿದರೆ ಸುಮಾರು 1 ಲೀಟರ್ ನೀರು ಹೋಗಿದೆ ಎಂದರ್ಥ. ನರ್ಸ್ ಬರೆಯುವ ಚಾರ್ಟಿಗೆ ಮನೆಯಿಂದ ತಂದ ಗಂಜಿ, ಮಜ್ಜಿಗೆ, ಕಾಫಿಯೂ ಸೇರಬೇಕು. ಮುಟ್ಟದೆ ಉಳಿದ ಲೋಟ ಸೇರಬಾರದು. ವಯಸ್ಸಾದ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ ಬೇಕು. ಹೃದಯ, ಮೂತ್ರಪಿಂಡ ಸೋತವರಿಗೆ ಮಾತ್ರ ವೈದ್ಯರು ಹೇಳಿದ ಮಿತಿಯೇ ಮಿತಿ.

ಈ ತಾಯಿ “ಬೇಡ” ಎನ್ನುವುದಕ್ಕೆ ಇನ್ನೊಂದು ಕಾರಣವೂ ಇರಬಹುದು, ವಾರ್ಡಿನಲ್ಲಿ ಬಹಳ ಕಾಣುವ ಕಾರಣ. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕು, ಯಾರನ್ನಾದರೂ ಕರೆಯಬೇಕು, ಬೆಡ್‌ಪ್ಯಾನ್ ಎಂದರೆ ಸಂಕೋಚ. ಹಾಗಾಗಿ ಎಷ್ಟೋ ಅಜ್ಜಿಯರು ಸುಮ್ಮನೆ ಬಾಯಿ ಮುಚ್ಚಿಕೊಳ್ಳುತ್ತಾರೆ. “ಎದ್ದೇಳಿಸಲು ನಾನಿದ್ದೀನಮ್ಮ” ಎಂದು ಮೊದಲು ಹೇಳಿ, ನೇರ ಕೂರಿಸಿ, ಗುಟುಕು ಗುಟುಕಾಗಿ ಕುಡಿಸಲಿ. ಕುಡಿಯುವಾಗ ಕೆಮ್ಮು ಬಂದರೆ ನಿಲ್ಲಿಸಬೇಕು. ಇದ್ದಕ್ಕಿದ್ದಂತೆ ಮಾತು ತಡವರಿಸಿದರೆ, ಮನೆಯವರ ಗುರುತು ತಪ್ಪಿದರೆ, ಬೆಳಗಿನ ರೌಂಡ್ಸ್ ಕಾಯದೆ ಆಗಲೇ ನರ್ಸಿಗೆ ತಿಳಿಸಲಿ.