ಮೊದಲು ಆಮ್ಲಜನಕದ ಬಾಟಲಿ

ತಂಗೀ, ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿದರೆ ಗೋವಾ. 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಅಲ್ಲಿಯ ದೋನಾ ಪಾವ್ಲಾದಲ್ಲಿದೆ. ನೀ ಹತ್ತಲಿರುವ ‘ಸಿಂಧು ಸಾಧನಾ’ ಅವರದೇ ಹಡಗು. ಎರೆಹೊಲದವಳು, ಸಮುದ್ರ ಕಂಡವಳಲ್ಲ ಅನ್ನೋ ಅಳುಕು ಬೇಡ. ಹೊಟ್ಟೆ ತೊಳಸುವಾಗ ಅಲೆ ಯಾರ ಊರನ್ನೂ ಕೇಳುವುದಿಲ್ಲ. ಕಟಕ ರೊಟ್ಟಿ ಕಟ್ಟಿಕೊಂಡು ಹೋಗು, ಒಣ ತಿನಿಸು ಒಳಗೆ ನಿಲ್ಲುತ್ತದೆ.

ಹಡಗು ನಿಂತಲ್ಲಿ ವಿಂಚಿನಿಂದ ಸಿಟಿಡಿ ಇಳಿಸುತ್ತಾರೆ. ಉಪ್ಪು, ಉಷ್ಣತೆ, ಆಳ ಅಳೆಯುವ ಯಂತ್ರ ಅದು. ಸುತ್ತಲೂ ನೀರು ಹಿಡಿಯುವ ನಿಸ್ಕಿನ್ ಬಾಟಲಿಗಳು, ಮೇಲೇರುವಾಗ ಬೇಕಾದ ಆಳದಲ್ಲಿ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ನಿನ್ನ ಪಾಳಿಯಲ್ಲಿ ಅದು ನಡುರಾತ್ರಿ ಬಂದರೂ ಎದ್ದಿರಬೇಕು. ಲಾಗ್‌ಬುಕ್ಕಿನ ವೇಳೆ ಗ್ರೀನಿಚ್‌ನದು, ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ನಸುಕಿನ ಮೂರಕ್ಕೆ ಬರೆಯುವಾಗ ತಾರೀಖು ನಿನ್ನೆಯದೇ. ನಿದ್ದೆಗಣ್ಣಿನಲ್ಲಿ ತಪ್ಪುವುದು ಅಲ್ಲೇ.

ಯಂತ್ರ ಡೆಕ್ಕಿಗೆ ಬಂದೊಡನೆ ಆಮ್ಲಜನಕ ಅಳೆಯುವ ನೀರನ್ನು ಮೊದಲು ಹಿಡಿ. ಉಪ್ಪಿನಂಶದ್ದು ಕಡೆಗೆ ಹಿಡಿದರೂ ನಡೆದೀತು. ನಳಿಗೆ ಬಾಟಲಿಯ ತಳ ಮುಟ್ಟಲಿ, ನೀರು ಉಕ್ಕಿ ಹರಿಯಲಿ, ಒಂದು ಗುಳ್ಳೆಯೂ ಉಳಿಯಬಾರದು. ಆಮೇಲೆ ಮ್ಯಾಂಗನೀಸ್ ದ್ರಾವಣ, ಕ್ಷಾರ ಬೆರೆತ ಅಯೋಡೈಡ್. ವಿಂಕ್ಲರ್ ಎಂಬಾತ 1888ರಲ್ಲಿ ಹೇಳಿದ ವಿಧಾನವಿದು. ಇವತ್ತಿನ ಸೆನ್ಸರನ್ನೂ ಇದಕ್ಕೇ ಹೋಲಿಸಿ ತಾಳೆ ನೋಡುತ್ತಾರೆ. ಆಮ್ಲಜನಕವಿರುವ ಮೇಲ್ಪದರದ ನೀರಲ್ಲಿ ಕಂದು ಗಸಿ ಕೂಡುತ್ತದೆ. ಅರಬ್ಬೀ ಸಮುದ್ರದ ಸುಮಾರು 150ರಿಂದ 1,000 ಮೀಟರ್ ಆಳದ ನೀರಲ್ಲಿ ಅದು ಬೆಳ್ಳಗೇ ಉಳಿದೀತು. ಗಾಬರಿಯಾಗಿ ಚೆಲ್ಲಬೇಡ. ಮೇಲಿಂದ ಉದುರುವ ಸತ್ತ ಜೀವಿಗಳನ್ನು ಕೊಳೆಸುತ್ತ ಬ್ಯಾಕ್ಟೀರಿಯಾಗಳು ಅಲ್ಲಿಯ ಆಮ್ಲಜನಕವನ್ನು ತೀರಿಸಿರುತ್ತವೆ. ಹೊಸ ನೀರು ಬಂದು ತುಂಬುವುದು ಬಲು ನಿಧಾನ. ನೈಟ್ರೇಟನ್ನೂ ಬಿಡದೆ ಬಳಸಿ ಸಾರಜನಕ ಅನಿಲ ಮಾಡುವ ಸೂಕ್ಷ್ಮಜೀವಿಗಳು ಅಲ್ಲಿವೆ. ಇಂಥ ನೀರಿಗೆ ಒಂದು ಗುಳ್ಳೆ ಸೇರಿದರೂ ಇಲ್ಲದ ಆಮ್ಲಜನಕ ಇದೆಯೆಂದು ತೋರುತ್ತದೆ.

ಅನುಮಾನ ಬಂದರೆ ಅಂಕಿ ಅಳಿಸಬೇಡ, ಪಕ್ಕದಲ್ಲಿ ‘ಗುಳ್ಳೆ ಇತ್ತು’ ಎಂದು ಬರೆ. ದೊಡ್ಡವರು ಸಿಡುಕಿದರೆ ಸಿಡುಕಲಿ. ಅಂಕಿ ಚಂದ ಕಾಣಲೆಂದು ತಿದ್ದುವವರು ಎಲ್ಲೆಡೆ ಇರುತ್ತಾರೆ, ಅವರ ಜಾಣತನ ನಿನಗೆ ಬೇಡ. ಪೆನ್ಸಿಲ್ ಇಟ್ಟುಕೋ, ಉಪ್ಪುನೀರು ಬಿದ್ದರೆ ಶಾಯಿ ಹರಡುತ್ತದೆ.

ರಜೆಗೆ ಬಂದಾಗ ಊರವರು ‘ಸಮುದ್ರ ನೋಡಿ ಬಂದೀಯಲ್ಲ, ಮುಂಗಾರು ಯಾವಾಗ?’ ಅಂತ ಕೇಳೇ ಕೇಳ್ತಾರೆ. ತಾರೀಖು ಹೇಳಲು ಹೋಗಬೇಡ. ಯಾವ ಆಳದ ನೀರು ಎಷ್ಟು ಬೆಚ್ಚಗಿತ್ತು ಅಂತ ಹೇಳು. ನಗುತ್ತಾರೆ, ನಗಲಿ.