ಕಾವಲಿಯ ಮೇಲೆ ಅಕ್ಷರ ಬರೆದವರ ತಿಂಡಿ

ಪ್ರಶ್ನೆ: ಮಗಳ ಮನೆಗೆಂದು ಟೋಕಿಯೊಗೆ ಹೊರಟಿದ್ದೇವೆ. ಅಲ್ಲಿ ತ್ಸುಕಿಶಿಮಾ ಎಂಬ ದ್ವೀಪಕ್ಕೆ ಹೋಗಿ ‘ಮೊಂಜಾ’ ತಿನ್ನಲೇಬೇಕು ಎನ್ನುತ್ತಾಳೆ. ದೋಣಿ ಹತ್ತಬೇಕೇ? ಅಂಥದ್ದೇನಿದೆ ಅದರಲ್ಲಿ?

ಉತ್ತರ: ದೋಣಿ ಬೇಡ. ಸುಮಿದಾ ನದಿಗೆ ತ್ಸುಕುದಾ ಸೇತುವೆ ಬಂದ 1964ರಲ್ಲೇ ಅಲ್ಲಿನ ದೋಣಿ ನಿಂತಿತು. ಈಗ ಯುರಾಕುಚೊ ಮಾರ್ಗದ ಮೆಟ್ರೊದಲ್ಲಿ ಹೋದರೆ ನೀರು ಕಣ್ಣಿಗೂ ಬೀಳದೆ ದ್ವೀಪದ ನಡುವೆ ಮೇಲೇಳುತ್ತೀರಿ.

ತ್ಸುಕಿಶಿಮಾ 1892ರಲ್ಲಿ ಕೊಲ್ಲಿಯ ಹೂಳು ತೆಗೆದು ತುಂಬಿಸಿದ ನೆಲ. ಮೊಂಜಾ ಅಂಗಡಿಗಳ ಸಾಲು ಇರುವುದು ಅಲ್ಲಿನ ನಿಶಿನಕಾ ಬೀದಿಯಲ್ಲಿ. ಹಿಂದೆ ಬಡಾವಣೆಯ ಮಿಠಾಯಿ ಅಂಗಡಿಗಳಲ್ಲಿ ಮಕ್ಕಳು ಕಾದ ಕಾವಲಿಯ ಮೇಲೆ ತೆಳು ಹಿಟ್ಟಿನಿಂದ ಅಕ್ಷರ ಬರೆದು, ಬೆಂದದ್ದನ್ನು ತಿನ್ನುತ್ತಿದ್ದರಂತೆ. ಜಪಾನಿಯಲ್ಲಿ ‘ಮೊಜಿ’ ಎಂದರೆ ಅಕ್ಷರ. ಮೊಜಿ ನಾಲಿಗೆಯಲ್ಲಿ ಸವೆದು ಮೊಂಜಾ ಆಯಿತೆನ್ನುತ್ತಾರೆ. ನಮ್ಮಲ್ಲಿ ಅಕ್ಕಿಯ ಮೇಲೆ ಬರೆಸುತ್ತೇವೆ, ತಿನ್ನಲು ಬಿಡುವುದಿಲ್ಲ!

ಹಿಟ್ಟು ನೀರುದೋಸೆಯದಕ್ಕಿಂತಲೂ ನೀರು, ಆದರೆ ಗೋಧಿಯದು. ಮೊದಲು ಕೋಸು ಮುಂತಾದವನ್ನು ಕಾವಲಿಗೆ ಹಾಕಿ, ಸಟ್ಟುಗದಿಂದ ಕೊಚ್ಚಿ, ಬಾವಿಕಟ್ಟೆಯಂತೆ ದುಂಡಗೆ ಒಡ್ಡು ಕಟ್ಟುತ್ತಾರೆ. ನಡುವೆ ಹಿಟ್ಟು ಹೊಯ್ದು, ಕುದಿ ಬಂದ ಮೇಲೆ ಒಡ್ಡು ಒಡೆದು ಎಲ್ಲ ಕಲಸಿ ಹರಡುವುದು. ನೋಡಲು ಚೆನ್ನಾಗಿರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಹೊತ್ತಾದರೂ ದೋಸೆಯಂತೆ ಗಟ್ಟಿಯಾಗುವುದೂ ಇಲ್ಲ, ಅದಕ್ಕಾಗಿ ಕಾಯಬೇಡಿ. ಅಂಚು ಕಂದಾಗುತ್ತಲೇ ಬೆರಳುದ್ದದ ಪುಟ್ಟ ಸಟ್ಟುಗದಿಂದ ಒತ್ತಿ ಕೆರೆದು, ಅದರಿಂದಲೇ ಬಾಯಿಗಿಡಬೇಕು. ಬೆಣ್ಣೆ ಕಾಸಿದ ಪಾತ್ರೆಯ ಗಸಿಗೆ ಜಗಳವಾಡಿದವರಿಗೆ ಇದರ ರುಚಿ ಬೇರೆ ಹೇಳಬೇಕಿಲ್ಲ.

ಆದರೆ ಸಂಜೆ ಮೊಂಜಾಕ್ಕೆ ಕೂರುವ ಮುಂಚೆ ಪಕ್ಕದ ತ್ಸುಕುದಾಕ್ಕೆ ಹೋಗಿಬನ್ನಿ. ನನ್ನನ್ನು ಕೇಳಿದರೆ ದ್ವೀಪದ ಜೀವ ಇರುವುದು ಅಲ್ಲೇ. ಹಿಂದೆ ಜಪಾನನ್ನು ಆಳಿದ ತೊಕುಗಾವಾ ಇಯೆಯಾಸು ಒಸಾಕಾ ಕಡೆಯ ತ್ಸುಕುದಾ ಹಳ್ಳಿಯಿಂದ ಕರೆಸಿಕೊಂಡ ಬೆಸ್ತರು ನೆಲೆಸಿದ ಜಾಗ ಅದು. ಬಿಟ್ಟುಬಂದ ಊರಿನ ಹೆಸರನ್ನೇ ಇಲ್ಲಿಗೂ ಇಟ್ಟುಕೊಂಡರು. 1646ರಲ್ಲಿ ಸ್ಥಾಪನೆಯಾದ ಸುಮಿಯೋಶಿ ಗುಡಿ ಇನ್ನೂ ಇದೆ. ಉಳಿದ ಸಣ್ಣ ಮೀನನ್ನು ಕೆಡದಂತೆ ಬೇಯಿಸಿ ಇಡುತ್ತಿದ್ದುದೇ ‘ತ್ಸುಕುದಾನಿ’. ಈಗ ಸೋಯಾ ರಸ, ಸಕ್ಕರೆ ಹಾಕಿ ಬತ್ತಿಸುತ್ತಾರೆ. ನಮ್ಮ ಉಪ್ಪಿನಕಾಯಿಯಂತೆ ಅನ್ನಕ್ಕೆ ಚಿಟಿಕೆಯಷ್ಟು ಸಾಕು.

ನೀವು ಸಸ್ಯಾಹಾರಿಗಳಾಗಿದ್ದರೆ ಮಗಳಿಗೆ ಮೊದಲೇ ವಿಚಾರಿಸಲು ಹೇಳಿ. ಮೊಂಜಾದಲ್ಲಿ ಸೀಗಡಿ ಬೇಡ ಎಂದರೆ ಸಾಲದು, ಹಿಟ್ಟು ಕಲಸುವ ನೀರೇ ಸಾಮಾನ್ಯವಾಗಿ ಮೀನಿನ ಸಾರದ್ದು.